ಸೇಶೆಲ್ಸ್ ಜನ ಸೋಮಾರಿಗಳಲ್ಲ, ತಮ್ಮ ಭಾನುವಾರವನ್ನು ಮಾರಿಕೊಳ್ಳುವುದಿಲ್ಲ ಅಷ್ಟೇ

ಸೇಶೆಲ್ಸ್ ಅಂದರೆ ಊರಲ್ಲಿ ಎಲ್ಲರಿಗೂ ಹನಿಮೂನ್ ಫೋಟೋ ನೆನಪಾಗುತ್ತದೆ. ಇಲ್ಲಿಗೆ ಬಂದು ಸಂಬಳಕ್ಕೆ ದುಡಿಯುವ ನಮ್ಮಂಥವರು ನೋಡುವ ದೇಶವೇ ಬೇರೆ. ಹಿಂದೂ ಮಹಾಸಾಗರದಲ್ಲಿ ಚದುರಿದ 115 ದ್ವೀಪಗಳು. ಜನ ಎಲ್ಲ ಸೇರಿ ಒಂದು ಲಕ್ಷದ ಆಸುಪಾಸು, ಅವರಲ್ಲೂ ಹೆಚ್ಚಿನವರು ಮಾಹೆ ದ್ವೀಪದಲ್ಲೇ.

ಕರಾವಳಿಯವರಿಗೆ ಇಲ್ಲಿನ ಹಿತ್ತಲು ಹೊಸದಲ್ಲ. ಜೀಗುಜ್ಜೆ (ಬ್ರೆಡ್‌ಫ್ರೂಟ್), ಹಲಸು, ಬಿಂಬುಳಿ, ಅಮಟೆ, ತೆಂಗು ಎಲ್ಲ ಇವೆ. ದಾಲ್ಚಿನ್ನಿ ಗುಡ್ಡದ ತುಂಬ ಕಾಡುಗಿಡದ ಹಾಗೆ ಬೆಳೆದಿದೆ. ಆದರೆ ನಾವು ಪೋಡಿ, ಪಲ್ಯ ಮಾಡುವ ಜೀಗುಜ್ಜೆಯನ್ನು ಇವರು ಇಡಿಯಾಗಿ ಕೆಂಡದಲ್ಲಿ ಸುಡುತ್ತಾರೆ. ಇಲ್ಲವೇ ತೆಂಗಿನ ಹಾಲು, ಸಕ್ಕರೆ, ಜಾಯಿಕಾಯಿ, ವೆನಿಲ್ಲಾ ಹಾಕಿ ಬೇಯಿಸಿ ‘ಲಾದೋಬ್’ ಮಾಡುತ್ತಾರೆ. ನಮ್ಮ ಪಾಯಸಕ್ಕೆ ಹತ್ತಿರದ ರುಚಿ. ಇಲ್ಲಿನ ಜೀಗುಜ್ಜೆ ತಿಂದವರು ಸೇಶೆಲ್ಸ್‌ಗೆ ಮತ್ತೆ ಬಂದೇ ಬರುತ್ತಾರೆ ಅನ್ನೋ ಮಾತಿದೆ. ನಾನಿನ್ನೂ ಇಲ್ಲಿಂದ ಹೊರಟೇ ಇಲ್ಲ, ಆ ಮಾತಿನ ಪರೀಕ್ಷೆ ಬಾಕಿ ಇದೆ! ಬಾವಲಿ ಸಾರನ್ನೂ ಪ್ರೀತಿಯಿಂದ ಬಡಿಸುತ್ತಾರೆ. ಬೇಡ ಅಂದರೆ ಯಾರೂ ಬೇಸರ ಮಾಡಿಕೊಳ್ಳುವುದಿಲ್ಲ.

ದುಡ್ಡಿನ ಹೆಸರೂ ರೂಪಾಯಿಯೇ. 1770ರಲ್ಲಿ ಸೇಂಟ್ ಆನ್ ದ್ವೀಪಕ್ಕೆ ಬಂದಿಳಿದ ಮೊದಲ 28 ಜನರಲ್ಲಿ ಐವರು ಭಾರತೀಯರಿದ್ದರು. ಆಮೇಲೆ ಆಫ್ರಿಕಾ, ಮಡಗಾಸ್ಕರ್‌ಗಳಿಂದ ಗುಲಾಮರನ್ನು ತಂದರು. ಫ್ರೆಂಚರ ನಂತರ ಬ್ರಿಟಿಷರು ಆಳಿದರು, ತಮಿಳು ಮತ್ತು ಚೀನೀ ವ್ಯಾಪಾರಿಗಳು ಬಂದರು. ಹಾಗಾಗಿ ಒಂದೇ ಮನೆಯ ಅಕ್ಕತಂಗಿಯರಲ್ಲಿ ಒಬ್ಬಳು ಎಣ್ಣೆಗೆಂಪು, ಇನ್ನೊಬ್ಬಳು ಕಡುಗಪ್ಪು. ಯಾರಿಗೂ ಅದು ವಿಷಯವೇ ಅಲ್ಲ. ಮನೆಯಲ್ಲಿ ಫ್ರೆಂಚ್‌ನಿಂದ ಹುಟ್ಟಿದ ಇಲ್ಲಿನ ಆಡುಭಾಷೆ ಕ್ರಿಯೋಲ್, ಕಚೇರಿಯಲ್ಲಿ ಇಂಗ್ಲಿಷ್, ಜೊತೆಗೆ ಫ್ರೆಂಚ್ ಕೂಡ. ಮದುವೆಯಾಗದೆ ಒಟ್ಟಿಗೆ ಬಾಳುವವರು, ಮಕ್ಕಳಿರುವವರು ತುಂಬ ಜನ. ಬಹಳಷ್ಟು ಮನೆಗಳಲ್ಲಿ ಅಮ್ಮನದೇ ಯಜಮಾನಿಕೆ. ಹೆಚ್ಚಿನವರು ಕ್ಯಾಥೊಲಿಕ್ಕರು, ಚರ್ಚಿಗೂ ತಪ್ಪದೆ ಹೋಗುತ್ತಾರೆ. ಎರಡೂ ಹೇಗೆ ಹೊಂದುತ್ತವೆ ಅಂತ ತಲೆ ಕೆಡಿಸಿಕೊಳ್ಳುವವರು ಸುಮ್ನೆ ನಮ್ಮಂಥವರು.

ನಮ್ಮವರು ನಾಲ್ಕು ಜನ ಸೇರಿದರೆ ಒಂದು ದೂರು ಇದ್ದೇ ಇರುತ್ತದೆ: ಇಲ್ಲಿಯವರು ಸೋಮಾರಿಗಳು, ಓವರ್‌ಟೈಮ್ ಕೊಡ್ತೀವಿ ಅಂದರೂ ಬರಲ್ಲ. ನನಗೆ ಹಾಗನ್ನಿಸುವುದಿಲ್ಲ. ಬೆಳಗಾಗುವ ಮುಂಚೆ ದೋಣಿ ಇಳಿಸುವವರನ್ನು, ನಾರಿಗೆ ಪೋಣಿಸಿದ ಮೀನನ್ನು ರಸ್ತೆ ಬದಿಯಲ್ಲಿ ಮಾರುವವರನ್ನು ದಿನಾ ನೋಡುತ್ತೇನೆ. ಭಾನುವಾರ ಮಾತ್ರ ಅವರು ಯಾರ ಕೈಗೂ ಸಿಗುವುದಿಲ್ಲ. ಅಜ್ಜಿ, ಮೊಮ್ಮಕ್ಕಳು, ಅನ್ನದ ಪಾತ್ರೆ, ಇದ್ದಿಲು, ಸ್ಪೀಕರ್ ಎಲ್ಲ ಪಿಕಪ್‌ಗೆ ಹತ್ತಿಸಿಕೊಂಡು ಕಡಲ ದಂಡೆಗೆ ಹೋಗುತ್ತಾರೆ. ಮೀನು ಸುಡುತ್ತಾರೆ, ಬಿಯರ್ ಕುಡಿಯುತ್ತಾರೆ, ಕುಣಿಯುತ್ತಾರೆ. ಪಕ್ಕದಲ್ಲಿ ಒಬ್ಬರೇ ಕೂತಿದ್ದರೆ ಒಂದು ತಟ್ಟೆ ನಮಗೂ ಬರುತ್ತದೆ.

ಒಮ್ಮೊಮ್ಮೆ ಸಂಜೆ ‘ಮುತ್ಯಾ’ ಕುಣಿತ ನೋಡಲು ಸಿಗುತ್ತದೆ. ಚರ್ಮದ ತಮಟೆಯನ್ನು ಬೆಂಕಿಗೆ ಹಿಡಿದು ಬಿಗಿ ಮಾಡಿಕೊಂಡೇ ಶುರು. ಗುಲಾಮರು ರಾತ್ರಿ ಹೊತ್ತು ತೋಟಗಳಲ್ಲಿ ಕುಣಿಯುತ್ತಿದ್ದ ಕುಣಿತ ಇದು. ಧಣಿಗಳ ಮೇಲಿನ ಸಿಟ್ಟು, ಗೇಲಿ ಎಲ್ಲ ಹಾಡಿನಲ್ಲೇ ಹೊರಬರುತ್ತಿತ್ತು. ಬ್ರಿಟಿಷರ ಕಾಲದಲ್ಲಿ ಊರೊಳಗೆ ತಮಟೆ ಬಾರಿಸಲು ಕಾನೂನಿನ ಅಡ್ಡಿ ಇತ್ತು. 2021ರಲ್ಲಿ ಅದೇ ಕುಣಿತ ಯುನೆಸ್ಕೋದ ಸಾಂಸ್ಕೃತಿಕ ಪರಂಪರೆಯ ಪಟ್ಟಿ ಸೇರಿತು. ಇನ್ನೊಬ್ಬರಿಗಾಗಿ ಬಿಟ್ಟಿ ದುಡಿದವರ ಮೊಮ್ಮಕ್ಕಳು ತಮ್ಮ ಒಂದು ದಿನವನ್ನು ಬಿಟ್ಟುಕೊಡದಿದ್ದರೆ ತಪ್ಪೇನು?

ಹಾಗಂತ ಇದು ಸ್ವರ್ಗವೂ ಅಲ್ಲ. ಹೆರಾಯಿನ್ ಚಟ ಇಷ್ಟು ಚಿಕ್ಕ ದೇಶವನ್ನು ಕಾಡುತ್ತಿದೆ, ಎಷ್ಟೋ ಮನೆಗಳು ಅದರಿಂದ ನಲುಗಿವೆ. ಅಕ್ಕಿ, ಬೇಳೆ, ಈರುಳ್ಳಿ ಎಲ್ಲ ಹಡಗಿನಲ್ಲೇ ಬರಬೇಕು, ಬೆಲೆ ಕೇಳಿದರೆ ಊರಿನ ಸಂತೆ ನೆನಪಾಗುತ್ತದೆ. ಕೆಲಸಕ್ಕೆ ಅಂತ ಬರುವವರಿದ್ದರೆ ದಿನಸಿಯನ್ನು ಶನಿವಾರವೇ ತಂದಿಟ್ಟುಕೊಳ್ಳಿ. ಭಾನುವಾರ ಬಹುತೇಕ ಅಂಗಡಿಗಳು ಮುಚ್ಚಿರುತ್ತವೆ. ಬ್ಯಾಡಗಿ ಮೆಣಸು ಮಾತ್ರ ಜಾಸ್ತಿನೇ ತನ್ನಿ, ನನಗೂ ಸ್ವಲ್ಪ ಬೇಕು.