ಕಂಪನಿ ಸ್ಪೀಕರ್‌ಗೆ ಆಂಪ್ ಹಾಕುವ ಮುಂಚೆ ಮೀಟರ್ ಹಿಡಿಯಿರಿ

"ಸ್ಪೀಕರ್ ಕಂಪನಿದೇ ಇರಲಿ, ಒಂದು ಆಂಪ್ ಹಾಕಿಕೊಡಿ" ಅಂತ ಕೇಳಿಕೊಂಡು ಬರುವವರು ಈಗ ಜಾಸ್ತಿ. ಕಂಪನಿದು ಅಂದರೆ ಕಾರಿನ ಜೊತೆಗೇ ಬಂದದ್ದು, ಆಂಪ್ ಅಂದರೆ ಸ್ಪೀಕರಿಗೆ ಹೋಗುವ ಸಿಗ್ನಲ್ಲಿಗೆ ಬಲ ತುಂಬುವ ಆಂಪ್ಲಿಫೈಯರ್. ಬೆಂಗಳೂರಿನ ಜೆ.ಸಿ. ರಸ್ತೆಯ ಆಸುಪಾಸಿನಲ್ಲಿ ಕಾರ್ ಆಡಿಯೋ ಕೆಲಸ ಮಾಡುವ ಅಂಗಡಿಗಳು ಬೇಕಾದಷ್ಟಿವೆ. ಅಂಥ ಒಂದು ಅಂಗಡಿಯಲ್ಲಿ ಫಿಟ್ಟಿಂಗ್, ಟ್ಯೂನಿಂಗ್ ಎರಡನ್ನೂ ನಾನು ನೋಡಿಕೊಳ್ಳುತ್ತೇನೆ. ಈ ಕೆಲಸ ನನಗೆ ಕಲಿಸಿದ್ದರಲ್ಲಿ ಮುಖ್ಯವಾದದ್ದು ಒಂದಿದೆ. ಯಾವ ಆಂಪ್ ತಗೊಳ್ಳಬೇಕು ಅಂತ ಯೋಚಿಸುವ ಮೊದಲು, ಕಂಪನಿ ಸ್ಟೀರಿಯೋದಿಂದ ಏನು ಹೊರಗೆ ಬರುತ್ತಿದೆ ಅಂತ ಅಳೆಯಬೇಕು. ಆಂಪ್ ಒಳಗೆ ಬಂದದ್ದನ್ನೇ ದೊಡ್ಡದು ಮಾಡಿ ಕಳಿಸುತ್ತದೆ. ಬಂದದ್ದೇ ಹಾಳಾಗಿದ್ದರೆ ಹಾಳಾದದ್ದೇ ದೊಡ್ಡದಾಗುತ್ತದೆ.

ಮೊದಲು ವ್ಯಾಟ್ ಲೆಕ್ಕ. ಸ್ಟೀರಿಯೋ ಮೇಲೆ ಚಾನಲ್‌ಗೆ, ಅಂದರೆ ಒಂದೊಂದು ಸ್ಪೀಕರ್ ಲೈನಿಗೆ, 50 ವ್ಯಾಟ್ ಅಂತ ಬರೆದಿರುತ್ತದೆ. ಅದು ಒಂದು ಕ್ಷಣಕ್ಕೆ ಮುಟ್ಟುವ ಗರಿಷ್ಠ. ಎಂಜಿನ್ ಓಡುವಾಗ ಕಾರಿನಲ್ಲಿ ಸಿಗುವುದು 14 ವೋಲ್ಟ್ ಆಸುಪಾಸು. ಅಷ್ಟನ್ನೇ ನಂಬಿಕೊಂಡ ಸ್ಟೀರಿಯೋ ಚಿಪ್ 4 ಓಮ್ ಸ್ಪೀಕರ್‌ಗೆ ಒಂದೇ ಸಮನೆ, ಶುದ್ಧವಾಗಿ ಕೊಡುವುದು 18ರಿಂದ 20 ವ್ಯಾಟ್ ಮಾತ್ರ. ಆಂಪ್‌ನೊಳಗೆ ಈ ವೋಲ್ಟೇಜನ್ನು ಏರಿಸುವ ಸರ್ಕ್ಯೂಟ್ ಇರುತ್ತದೆ. ಹಾಗಾಗಿ ಅದು ನಿಜವಾದ 50 ವ್ಯಾಟ್ ಕೊಡಬಲ್ಲದು. ಸರಿ, 18ರಿಂದ 50ಕ್ಕೆ ಹೋದರೆ ಸದ್ದು ಎಷ್ಟು ಏರುತ್ತದೆ? 4.4 ಡೆಸಿಬೆಲ್. ಕಿವಿಗೆ ಎರಡರಷ್ಟು ಜೋರು ಅನ್ನಿಸಬೇಕಾದರೆ ಸುಮಾರು 10 ಡೆಸಿಬೆಲ್ ಬೇಕು. ಕಂಪನಿ ಸ್ಪೀಕರ್‌ಗೆ ಆಂಪ್ ಹಾಕಿದರೆ ಸದ್ದು ದುಪ್ಪಟ್ಟಾಗುತ್ತದೆ ಅಂತ ನಾನು ಯಾರಿಗೂ ಮಾತು ಕೊಡುವುದಿಲ್ಲ. ಸಿಗುವ ಲಾಭ ಬೇರೆ. ತಬಲಾದ ಒಂದು ಪೆಟ್ಟು, ಡೊಳ್ಳಿನ ಒಂದು ಏಟು ದಿಢೀರ್ ಅಂತ ಬಂದಾಗ ಆ ಒಂದು ಕ್ಷಣಕ್ಕೆ ಹತ್ತು ಪಟ್ಟು ಪವರ್ ಬೇಕಾಗಬಹುದು. ಸ್ಟೀರಿಯೋ ಚಿಪ್ ಅಲ್ಲಿ ಸೋಲುತ್ತದೆ, ಆಂಪ್ ಅದನ್ನು ಇನ್ನೂ ಒಂದಿಷ್ಟು ದೂರ ಸ್ವಚ್ಛವಾಗಿ ದಾಟಿಸುತ್ತದೆ.

ಒಬ್ಬ ಗಿರಾಕಿಯ ಕಾರಿನ ಕೆಲಸವನ್ನೇ ಹೇಳುತ್ತೇನೆ. ಚಿಕ್ಕ ಹ್ಯಾಚ್‌ಬ್ಯಾಕ್, ನಾಲ್ಕು ಡೋರ್ ಸ್ಪೀಕರ್, ಮುಂದೆ ಎರಡು ಟ್ವೀಟರ್ (ಕೀಚಲು ಸ್ವರಕ್ಕಿರುವ ಪುಟ್ಟ ಸ್ಪೀಕರ್). ಆನ್‌ಲೈನ್‌ನಲ್ಲಿ ತರಿಸಿದ ಆಂಪ್ ಅವರ ಕೈಯಲ್ಲೇ ಇತ್ತು.

"ಅಣ್ಣ, ಇದು 2000 ವ್ಯಾಟ್. ಕಂಪನಿ ಸ್ಪೀಕರ್ ತಡೆಯುತ್ತಾ?"

"ಸರ್, ಡಬ್ಬ ಪಕ್ಕಕ್ಕಿಡಿ. ಆಂಪ್ ಪಕ್ಕದಲ್ಲಿರೋ ಫ್ಯೂಸ್ ನೋಡಿ, ಎಷ್ಟಿದೆ?"

"30."

30 ಆಂಪಿಯರ್ ಅಂದರೆ 14 ವೋಲ್ಟ್‌ಗೆ 420 ವ್ಯಾಟ್. ಆ ಆಂಪ್ ಬ್ಯಾಟರಿಯಿಂದ ಎಳೆದುಕೊಳ್ಳುವುದೇ ಅಷ್ಟು. ಅದು ಹಳೆಯ ಎಬಿ ಕ್ಲಾಸ್ ಆಂಪ್. ಒಳಗೆ ಹೋದದ್ದರಲ್ಲಿ 60 ಪರ್ಸೆಂಟ್ ಹೊರಬಂದರೆ ಪುಣ್ಯ, ಉಳಿದದ್ದು ಬಿಸಿಯಾಗಿ ಹೋಗುತ್ತದೆ. ನಾಲ್ಕು ಚಾನಲ್‌ಗೆ ಹಂಚಿದರೆ ತಲಾ 60 ವ್ಯಾಟ್. ಈ ಲೆಕ್ಕವನ್ನು ಅವರ ಮುಂದೆಯೇ ಮೊಬೈಲ್‌ನಲ್ಲಿ ಹಾಕಿ ತೋರಿಸಿದೆ. ಅವರ ಮುಖ ಸ್ವಲ್ಪ ಸಪ್ಪಗಾಯಿತು. ಆದರೆ ಅವರ ಸ್ಪೀಕರ್‌ಗೆ ಅದು ಬೇಕಾದಷ್ಟಾಯಿತು. ಈ ಫ್ಯೂಸ್ ಲೆಕ್ಕ ಯಾರು ಬೇಕಾದರೂ ಅಂಗಡಿಯಲ್ಲಿ ನಿಂತು ಮಾಡಬಹುದು. ಡಿ ಕ್ಲಾಸ್ ಆಂಪ್ ಆದರೆ 60ರ ಬದಲು 80 ಪರ್ಸೆಂಟ್ ಅಂತ ಹಿಡಿಯಿರಿ. ಸೀಟಿನ ಕೆಳಗೆ ಇಡುವುದಾದರೆ ನಾನು ಡಿ ಕ್ಲಾಸನ್ನೇ ಹೇಳುತ್ತೇನೆ, ಚಿಕ್ಕದಿರುತ್ತದೆ, ಬಿಸಿಯೂ ಕಡಿಮೆ.

ಇನ್ನು ಅಳತೆ. ಸ್ಟೀರಿಯೋ ಹೊರಗೆ ತೆಗೆದು, ಹಿಂದಿನ ಕಪ್ಲರ್‌ನಲ್ಲಿ ಒಂದು ಸ್ಪೀಕರಿನ ಎರಡು ವೈರ್ ಹುಡುಕಿ, ಸ್ಪೀಕರ್ ಬದಲು ದಪ್ಪನೆಯ 4 ಓಮ್ ರೆಸಿಸ್ಟರ್ ಜೋಡಿಸಿದೆ. ಪೆನ್‌ಡ್ರೈವ್‌ನಲ್ಲಿ ಎರಡು ಟೋನ್ ಇಟ್ಟುಕೊಂಡಿರುತ್ತೇನೆ, ಬೇಸ್‌ನದ್ದು 50 ಹರ್ಟ್ಸ್ ಮತ್ತು ನಡು ಸ್ವರದ್ದು 1000 ಹರ್ಟ್ಸ್. ಬೇಸ್, ಟ್ರೆಬಲ್ ಸೊನ್ನೆಗೆ, ಬ್ಯಾಲೆನ್ಸ್ ನಡುವಿಗೆ. ಮೀಟರ್ ಎಸಿ ವೋಲ್ಟ್‌ಗೆ. ಅಂದಹಾಗೆ, ಅಗ್ಗದ ಮಲ್ಟಿಮೀಟರ್ ಮನೆ ಕರೆಂಟಿನ 50 ಹರ್ಟ್ಸ್‌ಗೆ ಸರಿಯಾಗಿ ಓದುತ್ತದೆ. 1000 ಹರ್ಟ್ಸ್‌ಗೆ ಕಡಿಮೆ ತೋರಿಸಬಹುದು. ಈ ಕೆಲಸಕ್ಕೆ ಒಳ್ಳೆಯ ಮೀಟರ್‌ಗೆ ದುಡ್ಡು ಹಾಕುವುದು ದಂಡ ಅಲ್ಲ.

ವಾಲ್ಯೂಮ್ 12ರಲ್ಲಿ ಎರಡೂ ಟೋನ್ ಹೆಚ್ಚೂ ಕಡಿಮೆ ಒಂದೇ ವೋಲ್ಟ್ ತೋರಿಸಿದವು. ವಾಲ್ಯೂಮ್ ಏರಿಸುತ್ತಾ ಹೋದೆ. 22 ದಾಟಿದ ಮೇಲೆ 1000 ಹರ್ಟ್ಸ್ ಏರುತ್ತಲೇ ಇತ್ತು, 50 ಹರ್ಟ್ಸ್ ಹಿಂದೆ ಬಿತ್ತು. 30ಕ್ಕೆ ಬಂದಾಗ 1000 ಹರ್ಟ್ಸ್ 8 ವೋಲ್ಟ್, 50 ಹರ್ಟ್ಸ್ ಬರೀ 3. ಅಂದರೆ ಸ್ಟೀರಿಯೋ ಒಳಗಿನ ಸಾಫ್ಟ್‌ವೇರ್ ಬೇಕಂತಲೇ ಬೇಸ್ ಕತ್ತರಿಸುತ್ತಿದೆ. ಎಷ್ಟೋ ಕಂಪನಿ ಸ್ಟೀರಿಯೋಗಳು ಹೀಗೇ ಮಾಡುತ್ತವೆ. ಬಾಗಿಲಿನ ತೆಳ್ಳನೆಯ ಪೇಪರ್ ಕೋನ್ ಹರಿದುಹೋಗದಿರಲಿ ಅಂತ ಮಾಡಿದ ಏರ್ಪಾಡು ಅದು, ಅದರಲ್ಲಿ ತಪ್ಪೇನಿಲ್ಲ. ಆದರೆ ಇದನ್ನು ನೋಡದೆ ಆಂಪ್ ಹಾಕಿದರೆ ಏನಾಗುತ್ತದೆ? ವಾಲ್ಯೂಮ್ ಏರಿಸಿದಷ್ಟೂ ಹಾಡು ಕಿರುಚುತ್ತದೆ, ಬೇಸ್ ಇರುವುದಿಲ್ಲ. ಗಿರಾಕಿ ಬೇಸ್ ಬೂಸ್ಟ್ ತಿರುಗಿಸುತ್ತಾರೆ. ಆಮೇಲೆ ಸ್ಪೀಕರ್ ಸುಟ್ಟು ವಾಪಸ್ ಬರುತ್ತದೆ, ಬೈಗುಳ ಆಂಪ್‌ಗೆ.

34 ದಾಟಿದ ಮೇಲೆ ಇನ್ನೊಂದು ಕಂಡಿತು. ನಮ್ಮ ಹತ್ತಿರ ಸಿಗ್ನಲ್ಲಿನ ಅಲೆಯನ್ನು ಪರದೆಯಲ್ಲಿ ತೋರಿಸುವ ಅಂಗೈ ಅಗಲದ ಆಸಿಲೋಸ್ಕೋಪ್ ಒಂದಿದೆ. ಅದರ ಪರದೆಯಲ್ಲಿ ದುಂಡಗಿದ್ದ ಅಲೆಯ ತಲೆ ಚಪ್ಪಟೆಯಾಗತೊಡಗಿತು. ಅದೇ ಕ್ಲಿಪ್ಪಿಂಗ್. ಗಿರಾಕಿಯನ್ನು ಕರೆದು ತೋರಿಸಿದೆ. "ಇಷ್ಟು ದಿನ ನಾನು 36ರಲ್ಲಿ ಕೇಳ್ತಿದ್ದೆ" ಅಂದರು. ಚಪ್ಪಟೆಯಾದ ಅಲೆಯಲ್ಲಿ ಮೂಲ ಹಾಡಿನಲ್ಲಿ ಇಲ್ಲದ ಕೀಚಲು ಸ್ವರಗಳು ಹುಟ್ಟುತ್ತವೆ. ಅವು ನೇರ ಟ್ವೀಟರ್‌ಗೆ ಹೋಗುತ್ತವೆ. ಕಂಪನಿ ಟ್ವೀಟರಿನ ಹಿಂದೆ ರಕ್ಷಣೆಗೆ ಅಂತ ಇರುವುದು ಸಾಮಾನ್ಯವಾಗಿ ಒಂದೇ ಒಂದು ಕೆಪಾಸಿಟರ್. 4.7 ಮೈಕ್ರೋಫ್ಯಾರಡ್‌ನದ್ದಾದರೆ 4 ಓಮ್‌ಗೆ ಸುಮಾರು 8500 ಹರ್ಟ್ಸ್‌ಗಿಂತ ಕೆಳಗಿನದನ್ನು ತಗ್ಗಿಸುತ್ತಾ ಹೋಗುತ್ತದೆ, ಮೇಲಿನದನ್ನು ಬಿಡುತ್ತದೆ. ಟ್ವೀಟರ್‌ಗೆ ಬೇರೆ ಚಾನಲ್ ಕೊಟ್ಟರೂ ಆ ಕೆಪಾಸಿಟರ್ ತೆಗೆಯಬೇಡಿ.

ಅಳತೆ ಮುಗಿದ ಮೇಲೆ ದಾರಿ ತಾನಾಗೇ ಕಂಡಿತು. ಸ್ಟೀರಿಯೋ ವಾಲ್ಯೂಮಿಗೆ 22 ಮಿತಿ ಅಂತ ಇಟ್ಟುಕೊಂಡೆವು. ಅಲ್ಲಿ ಬೇಸ್ ಇನ್ನೂ ಕತ್ತರಿಸಿಲ್ಲ, ಅಲೆ ದುಂಡಗಿದೆ. ಉಳಿದ ಸದ್ದನ್ನು ಆಂಪ್ ಕೊಡಲಿ. ಮಾಮೂಲಿ ಆಂಪ್‌ನಲ್ಲೇ ಮುಗಿಯುವ ಉಪಾಯ ಇದು. 10ರಿಂದಲೇ ಬೇಸ್ ಕತ್ತರಿಸುವ ಸ್ಟೀರಿಯೋ ಆದರೆ ಇದು ನಡೆಯುವುದಿಲ್ಲ, ಡಿಎಸ್‌ಪಿ (ಕತ್ತರಿಸಿದ ಸ್ವರವನ್ನು ಲೆಕ್ಕ ಹಾಕಿ ಸರಿದೂಗಿಸುವ ಚಿಪ್) ಇರುವ ಆಂಪ್ ಬೇಕಾಗುತ್ತದೆ. ಅದರ ಖರ್ಚು ಬೇರೆ. ಇನ್ನು ಹ್ಯುಂಡೈ ಕ್ರೆಟಾದ ಮೇಲಿನ ಮಾಡೆಲ್‌ನ ಬೋಸ್, ಟಾಟಾ ಹ್ಯಾರಿಯರ್‌ನ ಜೆಬಿಎಲ್ ಥರದ ಸೆಟ್ ಇದ್ದರೆ ಈ ಲೆಕ್ಕ ಯಾವುದನ್ನೂ ಕಣ್ಣು ಮುಚ್ಚಿ ಹಾಕಬೇಡಿ. ಬ್ರ್ಯಾಂಡೆಡ್ ಸೆಟ್‌ಗಳಲ್ಲಿ ಬೇರೆ ಆಂಪ್ ಮೊದಲೇ ಇರಬಹುದು, ಸ್ಪೀಕರ್ 4 ಓಮ್‌ಗಿಂತ ಕಡಿಮೆ ಇರಬಹುದು. ಸ್ಪೀಕರ್ ಬಿಡಿಸಿ ಓಮ್ ಅಳೆದು ನೋಡಿ. 4 ಓಮ್‌ನ ಸ್ಪೀಕರ್ ಮೀಟರ್‌ನಲ್ಲಿ 3 ಚಿಲ್ಲರೆ ತೋರಿಸುತ್ತದೆ. 2ಕ್ಕಿಂತ ಕಡಿಮೆ ಬಂದರೆ ಅಲ್ಲೇ ನಿಲ್ಲಿ.

ವೈರಿಂಗ್‌ನಲ್ಲಿ ನಾನು ಹಟ ಹಿಡಿಯುವ ವಿಷಯ ಕೆಲವಿವೆ. ಸಿಗ್ನಲ್ ತೆಗೆಯಲು ಕಂಪನಿ ವೈರ್ ಕತ್ತರಿಸುವುದಿಲ್ಲ. ಕಾರಿಗೆ ಹೊಂದುವ ಕಪ್ಲರ್ ತಂದು ನಡುವೆ ಸಿಕ್ಕಿಸುತ್ತೇನೆ. ವಾರಂಟಿ ತಕರಾರಿನ ಭಯ ಕಡಿಮೆ, ನಾಳೆ ಕಾರ್ ಮಾರುವಾಗ ಬಿಚ್ಚಿದರೆ ಎಲ್ಲ ಮೊದಲಿನ ಹಾಗೆ. ಕಂಪನಿ ಸ್ಟೀರಿಯೋದಲ್ಲಿ ಸ್ಪೀಕರಿನ ಮೈನಸ್ ವೈರ್ ಬಾಡಿ ಅರ್ಥ್ ಅಲ್ಲ. ಪ್ಲಸ್, ಮೈನಸ್ ಎರಡರಲ್ಲೂ ಸಿಗ್ನಲ್ ಓಡುತ್ತದೆ. ಬಾಡಿಗೆ ಹೋಲಿಸಿದರೆ ಎರಡೂ ಸುಮಾರು 6 ವೋಲ್ಟ್ ಡಿಸಿ ಮೇಲೆ ನಿಂತಿರುತ್ತವೆ. ಮೈನಸ್ ತಾನೇ ಅಂತ ಬಾಡಿಗೆ ಮುಟ್ಟಿಸಿದರೆ ಸ್ಟೀರಿಯೋ ಚಿಪ್ ಹೋಗಬಹುದು. ಇದೇ 6 ವೋಲ್ಟ್ ನೋಡಿಕೊಂಡು ತಾನಾಗೇ ಆನ್ ಆಗುವ ಆಂಪ್‌ಗಳಿವೆ. ಅಂಥದ್ದು ಸಿಕ್ಕರೆ ಆಂಪ್ ಆನ್ ಮಾಡಲು ಬೇರೆಯಾಗಿ ರಿಮೋಟ್ ವೈರ್ ಎಳೆಯುವ ಕೆಲಸ ಉಳಿಯಿತು.

ಪವರ್ ವೈರ್ ಕೊಳ್ಳುವಾಗ ಬ್ಲೇಡ್ ಜೊತೆಗಿರಲಿ. ಒಂದು ಎಳೆ ಬಿಡಿಸಿ ಕೆರೆದು ನೋಡಿ. ಒಳಗೂ ಕೆಂಪಗಿದ್ದರೆ ತಾಮ್ರ. ಬೆಳ್ಳಗೆ ಹೊಳೆದರೆ ಅದು ಅಲ್ಯೂಮಿನಿಯಂ ಮೇಲೆ ತಾಮ್ರ ಲೇಪಿಸಿದ ವೈರ್. ಕಿಟ್‌ಗಳಲ್ಲಿ ಬರುವುದು ಬಹುಪಾಲು ಅದೇ. ಅದೇ ದಪ್ಪದ ತಾಮ್ರಕ್ಕೆ ಹೋಲಿಸಿದರೆ ಮೂರರಲ್ಲಿ ಎರಡು ಪಾಲಿನಷ್ಟು ಮಾತ್ರ ಕರೆಂಟ್ ಸಾಗಿಸುತ್ತದೆ. ಅದನ್ನು ಹಾಕಲೇಬಾರದು ಅಂತಲ್ಲ, ಹಾಕುವುದಾದರೆ ಒಂದು ಸೈಜ್ ದಪ್ಪ ತಗೊಳ್ಳಿ. ಈ ಕಾರಿಗೆ 8 ಗೇಜ್ ತಾಮ್ರ ಹಾಕಿದೆವು. ಬ್ಯಾಟರಿಯಿಂದ ಒಂದೂವರೆ ಅಡಿಯೊಳಗೆ ಫ್ಯೂಸ್. ಆ ಫ್ಯೂಸ್ ಇರುವುದು ವೈರ್‌ಗಾಗಿ. ಬಾನೆಟ್‌ನಿಂದ ಒಳಗೆ ಬರುವ ಜಾಗದಲ್ಲಿ ವೈರ್ ತಗಡಿಗೆ ಉಜ್ಜಿ ಶಾರ್ಟ್ ಆದರೆ, ಫ್ಯೂಸ್ ದೂರ ಇದ್ದಷ್ಟೂ ಬೆಂಕಿಗೆ ಅವಕಾಶ ಜಾಸ್ತಿ. ರಬ್ಬರ್ ಗ್ರಾಮೆಟ್ ಇಲ್ಲದೆ ಆ ತೂತಿನಲ್ಲಿ ವೈರ್ ತೂರಿಸಿದ ಕಾರುಗಳನ್ನು ನೋಡಿದರೆ ನನಗೆ ನಿಜಕ್ಕೂ ಸಿಟ್ಟು ಬರುತ್ತದೆ. ಒಳಗೆ ಕೂರುವುದು ಒಂದು ಸಂಸಾರ, ಅಲ್ವಾ?

ಅರ್ಥ್ ವೈರ್ ಗಿಡ್ಡಗಿರಬೇಕು, ಬಣ್ಣ ಕೆರೆದ ತಗಡಿಗೆ ಕೂರಬೇಕು. ಸೀಟ್ ಬೆಲ್ಟ್ ಬೋಲ್ಟ್ ಮುಟ್ಟಬೇಡಿ. ಎಂಜಿನ್ ರೇಸ್ ಮಾಡಿದಾಗ ಸ್ಪೀಕರ್‌ನಲ್ಲಿ ಕುಂಯ್ ಅಂತ ಸದ್ದು ಏರಿದರೆ ಮೊದಲು ನೋಡಬೇಕಾದದ್ದು ಈ ಅರ್ಥ್ ಜಾಗವನ್ನೇ.

ಈಗ ಫಿಲ್ಟರ್. ಕಂಪನಿ ಸ್ಪೀಕರ್ ಮಟ್ಟಿಗೆ ಇಡೀ ಕೆಲಸದಲ್ಲಿ ಅತಿ ಹೆಚ್ಚು ಬದಲಾವಣೆ ಕೊಡುವುದು ಇದು. ಆಂಪ್ ಮೇಲೆ ಹೈ ಪಾಸ್ ಅಂತ ಒಂದು ಸ್ವಿಚ್, ಪಕ್ಕದಲ್ಲಿ ಒಂದು ತಿರುಪು. ತಿರುಪಿನಲ್ಲಿ ಇಟ್ಟ ಮಿತಿಗಿಂತ ಕೆಳಗಿನ ಸ್ವರವನ್ನು ಅದು ತಗ್ಗಿಸುತ್ತದೆ. ಸದ್ದು ಅಷ್ಟೇ ಇದ್ದು ಸ್ವರ ಅರ್ಧಕ್ಕೆ ಇಳಿದರೆ ಕೋನ್ ನಾಲ್ಕು ಪಟ್ಟು ಆಡಬೇಕು. 100 ಹರ್ಟ್ಸ್‌ಗೆ 1 ಮಿಲಿಮೀಟರ್ ಆಡುವ ಕೋನ್ 50 ಹರ್ಟ್ಸ್‌ಗೆ 4 ಮಿಲಿಮೀಟರ್ ಆಡಬೇಕು. ಕಂಪನಿ ಸ್ಪೀಕರಿನ ಕೈಲಿ ಅದು ಆಗದು. ಅದು ಒದ್ದಾಡುವಾಗ ಅದೇ ಕೋನ್ ಹಾಡುಗಾರರ ದನಿಯನ್ನೂ ಹೊರಬೇಕಲ್ಲ, ಆ ದನಿ ನಡುಗುತ್ತದೆ. 80 ಹರ್ಟ್ಸ್‌ಗೆ ಹೈ ಪಾಸ್ ಹಾಕಿದರೆ ಆ ಭಾರ ಇಳಿಯುತ್ತದೆ. ಗಿರಾಕಿ ಮೊದಲು "ಬೇಸ್ ಕಮ್ಮಿ ಆಯ್ತಲ್ಲಣ್ಣ" ಅಂದರು. ಒಂದು ಭಾವಗೀತೆ ಹಾಕಿಸಿ, ಫಿಲ್ಟರ್ ಆನ್, ಆಫ್ ಮಾಡಿ ಕೇಳಿಸಿದೆ. ಆನ್ ಇದ್ದಾಗ ಉಸಿರು ಎಳೆದುಕೊಳ್ಳುವುದೂ ಕೇಳುತ್ತಿತ್ತು. ಕೊನೆಗೆ ಅವರೇ 80ರಲ್ಲೇ ಬಿಡಿ ಅಂದರು.

ಗೇನ್ ಅನ್ನುವುದು ವಾಲ್ಯೂಮ್ ಅಲ್ಲ. ಸ್ಟೀರಿಯೋದಿಂದ ಬರುವ ವೋಲ್ಟೇಜಿಗೆ ಆಂಪನ್ನು ಹೊಂದಿಸುವ ತಿರುಪು ಅದು. ಆ ಸ್ಪೀಕರ್‌ಗಳಿಗೆ 30 ವ್ಯಾಟ್ ಸಾಕು ಅಂತ ಇಟ್ಟುಕೊಂಡೆ. 30ನ್ನು 4 ಓಮ್‌ನಿಂದ ಗುಣಿಸಿ ವರ್ಗಮೂಲ ತೆಗೆದರೆ ಸುಮಾರು 11 ವೋಲ್ಟ್. ಸ್ಪೀಕರ್ ಬಿಡಿಸಿ, ವಾಲ್ಯೂಮ್ 22ಕ್ಕೆ ಇಟ್ಟು, 1000 ಹರ್ಟ್ಸ್ ಟೋನ್ ಹಾಕಿ, ಆಂಪ್ ಔಟ್‌ಪುಟ್‌ನಲ್ಲಿ 11 ಬರುವ ತನಕ ಗೇನ್ ತಿರುಗಿಸಿದೆ. ಬೇಸ್ ಬೂಸ್ಟ್ ಸೊನ್ನೆ. ಕಿವಿಯ ಮೇಲೆ ಬಿಟ್ಟರೆ ಯಾರ ಕೈಯಾದರೂ ಗೇನನ್ನು ಬೇಕಾದ್ದಕ್ಕಿಂತ ಹೆಚ್ಚೇ ತಿರುಗಿಸುತ್ತದೆ.

ಡೋರ್ ಪ್ಯಾಡ್ ಬಿಚ್ಚಿದಾಗ ಒಂದು ಎಚ್ಚರ ಬೇಕು. ಒಳಗೆ ಪ್ಲಾಸ್ಟಿಕ್ ಹಾಳೆ ಒಂದು ಕಪ್ಪು ಗಮ್‌ನಲ್ಲಿ ಅಂಟಿರುತ್ತದೆ. ಅದನ್ನು ಹಾಗೇ ವಾಪಸ್ ಅಂಟಿಸಬೇಕು. ಮಳೆ ನೀರು ಗ್ಲಾಸಿನ ಪಕ್ಕದಿಂದ ಬಾಗಿಲೊಳಗೆ ಇಳಿಯುತ್ತದೆ, ಕೆಳಗಿನ ತೂತುಗಳಿಂದ ಹೊರಹೋಗುತ್ತದೆ. ಹಾಳೆ ಹರಿದಿದ್ದರೆ ಆ ನೀರು ಕಾರ್ಪೆಟ್‌ಗೆ, ಅಲ್ಲಿಂದ ಸೀಟಿನ ಕೆಳಗಿನ ಆಂಪ್‌ಗೆ. ತಗಡಿನ ನಡುಕ ತಗ್ಗಿಸುವ ಡ್ಯಾಂಪಿಂಗ್ ಶೀಟ್ ಹಾಕುವುದಾದರೆ ಆ ಕೆಳಗಿನ ತೂತುಗಳನ್ನು ಮುಚ್ಚಬೇಡಿ. ಆಂಪ್ ಹಾಕಿದ ಮೇಲೆ ಬಾಗಿಲು ಗರಗರ ಅನ್ನುವುದು ಮಾಮೂಲಿ. ಹೊರ ತಗಡಿಗೆ ಎರಡು ಶೀಟ್ ಅಂಟಿಸಿದರೂ ತುಂಬಾ ವ್ಯತ್ಯಾಸ ಗೊತ್ತಾಗುತ್ತದೆ.

ಕಾರ್ ಕೊಡುವ ಮುಂಚೆ ಲಾಕ್ ಮಾಡಿ ಸ್ವಲ್ಪ ಹೊತ್ತು ಬಿಟ್ಟು, ಬ್ಯಾಟರಿಯಿಂದ ಎಷ್ಟು ಕರೆಂಟ್ ಹೋಗುತ್ತಿದೆ ಅಂತ ನೋಡಿದೆ. 50 ಮಿಲಿ ಆಂಪಿಯರ್ ಒಳಗಿದ್ದರೆ ಚಿಂತೆ ಇಲ್ಲ. ಆಂಪ್ ಆಫ್ ಆಗದೆ ಉಳಿದಿದ್ದರೆ ಅದು ಇಲ್ಲೇ ಸಿಕ್ಕಿಬೀಳುತ್ತದೆ. ಆಮೇಲೆ ಆಂಪ್ ಮೇಲೆ ಒಂದು ಟೇಪ್ ಅಂಟಿಸಿ ಮಾರ್ಕರ್‌ನಲ್ಲಿ ಬರೆದೆ: ವಾಲ್ಯೂಮ್ 22, 11 ವೋಲ್ಟ್, ಹೈ ಪಾಸ್ 80, ಬೂಸ್ಟ್ 0. ಮುಂದೆ ಯಾರಾದರೂ ಸೀಟ್ ಬಿಚ್ಚಿ ತಿರುಪು ತಿರುಗಿಸಿದರೂ ಮತ್ತೆ ಅಲ್ಲಿಗೇ ತಂದು ನಿಲ್ಲಿಸಬಹುದು. ಇನ್ನೂ ಬೇಸ್ ಬೇಕು ಅನ್ನಿಸಿದರೆ ಆ ನಂಬರ್‌ಗಳನ್ನು ಮುಟ್ಟದೆ, ಇನ್ನೊಂದು ಸೀಟಿನ ಕೆಳಗೆ ಬೇಸ್‌ಗಾಗಿಯೇ ಇರುವ ಚಿಕ್ಕ ಸಬ್‌ವೂಫರ್ ಹಾಕಿಸಿ, 80ಕ್ಕಿಂತ ಕೆಳಗಿನದನ್ನು ಅದಕ್ಕೆ ಕೊಡಿ ಅಂತ ಹೇಳಿ ಕೀ ಕೊಟ್ಟೆ.