ತಪ್ಪಿರೋ ಬ್ಯಾಡ್ಜಿಗೆ ಎಷ್ಟು ಬರುತ್ತೆ?

ನಾನು ಸೇನೆಯ ಹಳೆಯ ಬಟ್ಟೆ ಬ್ಯಾಡ್ಜುಗಳನ್ನು ಸಂಗ್ರಹಿಸುತ್ತೇನೆ ಅಂತ ಗೊತ್ತಾದರೆ ಸಾಕು, ಎಲ್ಲರೂ ಕೇಳೋದು ಒಂದೇ: “ಕಸೂತಿ ತಪ್ಪಿರೋದಕ್ಕೆ ಬೆಲೆ ಜಾಸ್ತಿಯಂತಲ್ಲ, ಎಷ್ಟು ಬರುತ್ತೆ?” ಬರಲ್ಲ. ಬಹುಪಾಲು ಬ್ಯಾಡ್ಜುಗಳಿಗೆ ಒಂದು ರೂಪಾಯಿಯೂ ಜಾಸ್ತಿ ಬರಲ್ಲ.

ಇದೆಲ್ಲ ತಪ್ಪು ಅಚ್ಚಾದ ಅಂಚೆಚೀಟಿಗಳ ಬೆಲೆ ನೋಡಿ ಹುಟ್ಟಿದ ಆಸೆ. 1918ರಲ್ಲಿ ಅಮೆರಿಕದಲ್ಲಿ ವಿಮಾನ ತಲೆಕೆಳಗಾಗಿ ಅಚ್ಚಾದ ಚೀಟಿಗಳು ನೂರೇ ನೂರು ಹೊರಗೆ ಬಂದವು. ಅಲ್ಲಿ ಒಂದೇ ಮುದ್ರಣಾಲಯ, ಒಂದೇ ನಮೂನೆ. ತಪ್ಪು ಯಾವುದು ಅನ್ನೋದರಲ್ಲಿ ಅನುಮಾನವೇ ಇಲ್ಲ. ಬ್ಯಾಡ್ಜಿಗೆ ಆ ಲೆಕ್ಕ ನಡೆಯಲ್ಲ. ಎರಡನೇ ಮಹಾಯುದ್ಧದಲ್ಲಿ ಒಂದೇ ಗುರುತನ್ನು ಹೊರದೇಶದ ಕಾರ್ಖಾನೆಗಳೂ ಮಾಡಿದವು, ನಮ್ಮ ಬಜಾರಿನ ದರ್ಜಿಗಳೂ ಹೊಲಿದರು. ಯಾರದನ್ನು ಸರಿ ಅಂತ ಇಟ್ಟುಕೊಂಡು ಇನ್ಯಾರದನ್ನು ತಪ್ಪು ಅನ್ನೋಣ?

ಮಲ್ಲೇಶ್ವರದ ಒಂದು ಮದುವೆಯಲ್ಲಿ, ಎಲೆಗೆ ಇನ್ನೂ ಅನ್ನ ಬಿದ್ದಿರಲಿಲ್ಲ, ನೆಂಟರ ಹುಡುಗ ಜೇಬಿನಿಂದ ಪ್ಲಾಸ್ಟಿಕ್ ಕವರ್ ತೆಗೆದ. “ಮಾಮ, ಸೂರ್ಯನಿಗೆ 12 ಕಿರಣ ಇರಬೇಕು, ಇದರಲ್ಲಿ 11 ಇದೆ. ಎರರ್ ಪೀಸ್ ಅಂತ ಜಾಸ್ತಿ ಇಸ್ಕೊಂಡ್ರು.” ಎರಡನೇ ಮಹಾಯುದ್ಧದಲ್ಲಿ ಅಮೆರಿಕನ್ನರ ಚೀನಾ-ಬರ್ಮಾ-ಇಂಡಿಯಾ ಯುದ್ಧರಂಗದ ಗುರಾಣಿ ಆಕಾರದ ಬ್ಯಾಡ್ಜು ಅದು: ಮೇಲೆ ನೀಲಿಯಲ್ಲಿ ಚೀನಾದ ಸೂರ್ಯ, ಪಕ್ಕದಲ್ಲಿ ಭಾರತದ ನಕ್ಷತ್ರ, ಕೆಳಗೆ ಕೆಂಪು-ಬಿಳಿ ಪಟ್ಟೆ. ಕಿರಣಗಳ ನಡುವಿನ ಜಾಗ ನೋಡಿದೆ. ಎಲ್ಲ ಕಡೆ ಸಮ. ಒಂದು ಬಿಟ್ಟುಹೋಗಿದ್ದರೆ ಅಲ್ಲಿ ಖಾಲಿ ಕಾಣಬೇಕಿತ್ತು. ಕೈಕಸೂತಿಯವನು ಕಣ್ಣಳತೆಯಲ್ಲಿ ಹನ್ನೊಂದನ್ನೇ ಚೆಂದವಾಗಿ ಹಂಚಿದ್ದಾನೆ. ಇಲ್ಲಿ ಹೊಲಿದ ಈ ಗುರಾಣಿಗಳಲ್ಲಿ ಕಿರಣ, ಪಟ್ಟೆ ಹೆಚ್ಚುಕಮ್ಮಿ ಇರೋದು ತೀರಾ ಮಾಮೂಲು.

ನಿಜವಾದ ತಪ್ಪು ಆಗೋದು ಯಂತ್ರದಲ್ಲಿ. ಕಾರ್ಖಾನೆಯ ಕಸೂತಿ ಯಂತ್ರದಲ್ಲಿ ಸಾಲು ಸೂಜಿಗಳು ಒಂದೇ ಚಿತ್ರವನ್ನು ಒಟ್ಟಿಗೆ ಹೊಲಿಯುತ್ತವೆ. ಒಂದರ ದಾರ ಹರಿದರೆ ಆ ಸೂಜಿ ಬರಿದೇ ಚುಚ್ಚುತ್ತಾ ಹೋಗುತ್ತದೆ, ಚಿತ್ರ ಹದ್ದಿನದಾದರೆ ಆ ಒಂದು ಬ್ಯಾಡ್ಜಿನ ಹದ್ದಿಗೆ ಮಾತ್ರ ರೆಕ್ಕೆಯ ತುದಿ ಇರಲ್ಲ. ಬಣ್ಣದ ರೀಲೇ ಅದಲುಬದಲಾದರೆ ಇಡೀ ಸಾಲು ಕೆಡುತ್ತದೆ. ಇಂಥವು ತಪಾಸಣೆ ದಾಟಿ ಹೊರಗೆ ಬರೋದು ಅಪರೂಪ. ಅದಕ್ಕೇ ಕೆಲವರು ಬ್ಲೇಡು ಹಿಡಿದು ಎಳೆ ಕಿತ್ತು “ಎರರ್” ತಯಾರಿಸುತ್ತಾರೆ. ತೊಟ್ಟು ಮಾಸಿದ ಬ್ಯಾಡ್ಜಾದರೆ ಈ ಮೋಸ ಸಿಕ್ಕಿಬೀಳುತ್ತದೆ: ದಾರದಡಿ ಬಿಸಿಲು ಕಾಣದ ಬಟ್ಟೆ ಅಲ್ಲಿ ಮಾತ್ರ ಗಾಢವಾಗಿರುತ್ತೆ, ಸೂಜಿತೂತುಗಳಲ್ಲಿ ತುಂಡೆಳೆ ಉಳಿದಿರುತ್ತೆ. ಇದು ಶುದ್ಧ ಕಳ್ಳತನ. ಹಾಳಾದದ್ದು ಮತ್ತೆ ಸಿಗೋದೂ ಇಲ್ಲ.

ಈ ಬ್ಯಾಡ್ಜುಗಳನ್ನು ಹೊಲಿದವರು ಯಾರಿರಬಹುದು ಅಂತ ಒಬ್ಬರಾದರೂ ಕೇಳಬಾರದೇ? 1943ರಲ್ಲಿ ನಮ್ಮ ಎಚ್‌ಎಎಲ್ ಕಾರ್ಖಾನೆ ಅಮೆರಿಕದ ವಾಯುಪಡೆಯ ವಿಮಾನ ರಿಪೇರಿ ಕೇಂದ್ರವಾಗಿತ್ತು. ಈ ಗುರಾಣಿ ತೊಟ್ಟ ತೋಳುಗಳು ಇದೇ ಬೆಂಗಳೂರಲ್ಲಿ ಓಡಾಡಿವೆ. ಹೊಲಿದವರ ಹೆಸರು ಯಾವುದರ ಮೇಲೂ ಇಲ್ಲ. ಇರೋದು ಅವರ ಹೊಲಿಗೆ, ದಾರ, ಕಣ್ಣಳತೆ. ನಾನು ಬ್ಯಾಡ್ಜು ತಿರುಗಿಸಿ ಬೆನ್ನು ನೋಡೋದು ಅದಕ್ಕೇ.

ಆ ಹುಡುಗನಿಗೂ ಹೇಳಿದೆ: ಎರರ್ ಅಂತ ಜಾಸ್ತಿ ಕೊಟ್ಟ ದುಡ್ಡನ್ನು ವಾಪಸ್ ಕೇಳು, ಬ್ಯಾಡ್ಜನ್ನು ಮಾತ್ರ ಕೊಡಬೇಡ.