ಜತ್ತಿಯವರು ಸಹಿಗೆ ತಡ ಮಾಡಿದ ದಿನ

ಬಿ.ಡಿ. ಜತ್ತಿ ಅಂದರೆ ನಮ್ಮ ಜಮಖಂಡಿ ಕಡೆಯ ಹುಡುಗರಿಗೆ ಸ್ಪರ್ಧಾತ್ಮಕ ಪರೀಕ್ಷೆಯ ಒಂದು ಅಂಕ. ಹಂಗಾಮಿ ರಾಷ್ಟ್ರಪತಿಯಾದ ಕನ್ನಡಿಗ ಯಾರು? ಉತ್ತರ ಗುರುತಿಸು, ಮುಂದಿನ ಪ್ರಶ್ನೆಗೆ ಹೋಗು. ಪಿಯು ಕಾಲೇಜಿನಲ್ಲಿ ರಾಜ್ಯಶಾಸ್ತ್ರ ಹೇಳುವ ನನಗೆ ಈ ಅವಸರ ಕಂಡರೆ ಸಿಟ್ಟು. ಈ ವರ್ಷ ಒಬ್ಬ ಹುಡುಗಿ ಮಾತ್ರ ಎದ್ದು ನಿಂತು ಕೇಳಿದಳು: "ಸರ, ಹಂಗಾಮಿ ಇದ್ದವ್ರಿಗೆ ಪವರ್ ಇರ್ತದೇನ್ರಿ?"

ಇರ್ತದವ್ವ, ಪೂರಾ ಇರ್ತದ. ಸಂವಿಧಾನದ 65ನೇ ವಿಧಿ ತೆಗೆದು ನೋಡು ಅಂದೆ. ಆದರೆ ಜತ್ತಿಯವರ ವಿಷಯದಲ್ಲಿ ಆ ಉತ್ತರ ಅಷ್ಟು ಸರಳವಲ್ಲ. ಅದಕ್ಕೇ ಈ ಬರಹ.

1912ರಲ್ಲಿ ಸಾವಳಗಿಯಲ್ಲಿ ಹುಟ್ಟಿದವರು. ಕೊಲ್ಹಾಪುರದಲ್ಲಿ ಓದಿ ವಕೀಲಿ ಕಲಿತರು. ಜಮಖಂಡಿ ಪುರಸಭೆ, ಆಮೇಲೆ ಪಟವರ್ಧನ ಅರಸರ ಜಮಖಂಡಿ ಸಂಸ್ಥಾನದಲ್ಲಿ ಮಂತ್ರಿ, ದಿವಾನ. 1948ರಲ್ಲಿ ಸಂಸ್ಥಾನ ಮುಂಬಯಿ ಪ್ರಾಂತಕ್ಕೆ ಸೇರಿತು, ಇವರೂ ಆ ಕಡೆಯ ರಾಜಕಾರಣಕ್ಕೆ ಹೋದರು. 1952ರ ಚುನಾವಣೆಯ ನಂತರ ಮೊರಾರ್ಜಿ ದೇಸಾಯಿ ಮುಖ್ಯಮಂತ್ರಿ, ಜತ್ತಿ ಅವರ ಕೈಕೆಳಗೆ ಉಪಮಂತ್ರಿ. ಇದೊಂದನ್ನು ನೆನಪಿಡಿ.

ಏಕೀಕರಣದ ನಂತರ, 1958ರಲ್ಲಿ ನಿಜಲಿಂಗಪ್ಪನವರು ಇಳಿದಾಗ ಜತ್ತಿ ಮೈಸೂರು ರಾಜ್ಯದ ಮುಖ್ಯಮಂತ್ರಿಯಾದರು. 1962ರವರೆಗೆ ಇದ್ದರು. (ಅವರ ಬೆನ್ನಿಗೇ ಬಂದ ಎಸ್.ಆರ್. ಕಂಠಿಯವರೂ ನಮ್ಮ ಸೀಮೆಯವರೇ. ಅವರನ್ನಂತೂ ಪರೀಕ್ಷೆಯವರೂ ಕೇಳುವುದಿಲ್ಲ.) 1961ರ ಭೂಸುಧಾರಣಾ ಕಾಯ್ದೆ ಆ ಕಾಲದ್ದು, ಅದಕ್ಕೆ ಬುನಾದಿ ಹಾಕಿದ ಸಮಿತಿಗೆ ಜತ್ತಿಯವರೇ ಅಧ್ಯಕ್ಷರು. ಉಳುವವನಿಗೆ ಹೊಲ ಅಂದ ಕೂಡಲೆ ಎಲ್ಲರೂ ದೇವರಾಜ ಅರಸರ ಹೆಸರು ಹೇಳುತ್ತಾರೆ, ಅದು ನ್ಯಾಯವೇ. ಆದರೆ 1974ರಲ್ಲಿ ಅರಸರು ತಿದ್ದಿದ್ದು ಈ ಕಾಯ್ದೆಯನ್ನೇ.

ಪುದುಚೇರಿ, ಒಡಿಶಾ ರಾಜಭವನಗಳನ್ನು ದಾಟಿ 1974ರಲ್ಲಿ ಉಪರಾಷ್ಟ್ರಪತಿ. ಎದುರಾಳಿ ನಿರಲ್ ಎನೆಮ್ ಹೋರೊ. 521ಕ್ಕೆ 141 ಮತ. ಅಲ್ಲಿಗೆ ಅವರ ಬದುಕು ರಾಜ್ಯಸಭೆಯಲ್ಲಿ ಶಾಂತವಾಗಿ ಮುಗಿಯಬೇಕಿತ್ತು. 1977ರ ಫೆಬ್ರವರಿ 11ರಂದು ರಾಷ್ಟ್ರಪತಿ ಫಕ್ರುದ್ದೀನ್ ಅಲಿ ಅಹಮದ್ ತೀರಿಕೊಂಡರು, ಜತ್ತಿ ಹಂಗಾಮಿ ರಾಷ್ಟ್ರಪತಿಯಾದರು. ತುರ್ತು ಪರಿಸ್ಥಿತಿ ಇನ್ನೂ ಜಾರಿಯಲ್ಲಿತ್ತು, ಲೋಕಸಭೆ ಚುನಾವಣೆ ಎದುರಿಗಿತ್ತು.

ಮಾರ್ಚ್ ಮೂರನೇ ವಾರದಲ್ಲಿ ನಡೆದದ್ದನ್ನು ನೋಡಿ. ಇಂದಿರಾ ಗಾಂಧಿ ರಾಯಬರೇಲಿಯಲ್ಲೇ ಸೋತರು. 21ರಂದು 1975ರಲ್ಲಿ ಹೇರಿದ ಒಳಗಿನ ತುರ್ತು ಪರಿಸ್ಥಿತಿ ರದ್ದು, 22ರಂದು ಅವರ ರಾಜೀನಾಮೆ, 24ರಂದು ಹೊಸ ಪ್ರಧಾನಿಗೆ ಪ್ರಮಾಣವಚನ. ಬೋಧಿಸಿದವರು ಸಾವಳಗಿಯ ಜತ್ತಿ, ಸ್ವೀಕರಿಸಿದವರು ಅವರ ಹಳೆಯ ಮುಖ್ಯಮಂತ್ರಿ ಮೊರಾರ್ಜಿ.

ತಿಂಗಳೂ ಕಳೆದಿರಲಿಲ್ಲ, ಗೃಹ ಸಚಿವ ಚರಣ್ ಸಿಂಗ್ ಒಂಬತ್ತು ರಾಜ್ಯಗಳ ಕಾಂಗ್ರೆಸ್ ಮುಖ್ಯಮಂತ್ರಿಗಳಿಗೆ ಪತ್ರ ಬರೆದರು: ಜನರ ವಿಶ್ವಾಸ ಹೋಗಿದೆ, ವಿಧಾನಸಭೆ ವಿಸರ್ಜಿಸಿ ಚುನಾವಣೆಗೆ ಹೋಗಿ. ರಾಜ್ಯಗಳು ಸುಪ್ರೀಂ ಕೋರ್ಟಿಗೆ ಹೋದವು. ಏಪ್ರಿಲ್ 29ರಂದು ಏಳು ನ್ಯಾಯಮೂರ್ತಿಗಳ ಪೀಠ ಅವುಗಳ ದಾವೆಗಳನ್ನು ವಜಾ ಮಾಡಿತು. ಆ ವಿಧಾನಸಭೆಗಳನ್ನು ವಿಸರ್ಜಿಸಲು ಸಲಹೆ ಮಾಡಿದ ಸಂಪುಟದ ಕಾಗದ ಜತ್ತಿಯವರ ಮೇಜಿಗೆ ಬಂತು. ಅವರು ಸಹಿ ಹಾಕಲಿಲ್ಲ.

ದೆಹಲಿಯಲ್ಲಿ ಗದ್ದಲವೆದ್ದಿತು. ಹಳೆಯ ಕಾಂಗ್ರೆಸ್ಸಿಗ ತನ್ನ ಪಕ್ಷ ಉಳಿಸಲು ನೋಡುತ್ತಿದ್ದಾನೆ ಎಂಬ ಆರೋಪ ಬಂತು. ಸಂಪುಟ ಪಟ್ಟು ಬಿಡಲಿಲ್ಲ. ಮರುದಿನ, 30ರಂದು, ಜತ್ತಿ ಸಹಿ ಹಾಕಿದರು.

ಅವರ ಕೈ ಕಟ್ಟಿತ್ತು ಅನ್ನುವುದು ನಿಜ. ಇಂದಿರಾ ಸರ್ಕಾರವೇ ತಂದ 42ನೇ ತಿದ್ದುಪಡಿ, ಸಂಪುಟದ ಸಲಹೆಯಂತೆಯೇ ರಾಷ್ಟ್ರಪತಿ ನಡೆಯಬೇಕು ಎಂದು ಬರೆದಿಟ್ಟಿತ್ತು. ತಮ್ಮ ಪಕ್ಷ ಮಾಡಿದ ಕಾನೂನು ಕಾಂಗ್ರೆಸ್ ಸರ್ಕಾರಗಳಿಗೇ ಮುಳುವಾಯಿತು. ಆದರೂ ಆ ಒಂದು ದಿನದ ತಡವನ್ನು ಪಕ್ಷಪಾತ ಎಂದು ತಳ್ಳಿಹಾಕಲು ನನಗೆ ಮನಸ್ಸಿಲ್ಲ. 1975ರ ಜೂನ್ ರಾತ್ರಿ ತುರ್ತು ಪರಿಸ್ಥಿತಿಯ ಕಾಗದ ಇದೇ ರಾಷ್ಟ್ರಪತಿ ಭವನಕ್ಕೆ ಬಂದಾಗ ಯಾರೂ ಒಂದು ದಿನ ತಡ ಮಾಡಲಿಲ್ಲವಲ್ಲ! ಇನ್ನು ಆ ಒಂಬತ್ತು ವಿಸರ್ಜನೆಗಳ ಪೂರ್ವನಿದರ್ಶನ ಏನು ಮಾಡಿತು? 1980ರಲ್ಲಿ ಮರಳಿ ಬಂದ ಇಂದಿರಾ ಅಷ್ಟೇ, ಒಂಬತ್ತೇ, ವಿಧಾನಸಭೆಗಳನ್ನು ವಿಸರ್ಜಿಸಿದರು.

ಜುಲೈ 25ರಂದು ನೀಲಂ ಸಂಜೀವ ರೆಡ್ಡಿ ರಾಷ್ಟ್ರಪತಿಯಾದರು. ಜತ್ತಿ ಮತ್ತೆ ರಾಜ್ಯಸಭೆಯ ಸಭಾಪತಿ ಪೀಠಕ್ಕೆ ಮರಳಿ, 1979ರ ಆಗಸ್ಟ್‌ವರೆಗೆ ಅಲ್ಲಿದ್ದರು. ಆ ಅವಧಿಯಲ್ಲೇ, 1978ರಲ್ಲಿ, ಸಂಸತ್ತಿನ ಮುಂದೆ 44ನೇ ತಿದ್ದುಪಡಿ ಬಂತು. ಸಂಪುಟದ ಸಲಹೆಯನ್ನು ಮರುಪರಿಶೀಲನೆಗೆ ಎಂದು ರಾಷ್ಟ್ರಪತಿ ಒಂದು ಸಲ ಹಿಂದಕ್ಕೆ ಕಳಿಸಬಹುದು ಎನ್ನುವುದೂ ಅದರಲ್ಲಿತ್ತು. ತಂದದ್ದು ಮೊರಾರ್ಜಿ ಸರ್ಕಾರ. ಅದನ್ನು ಅಂಗೀಕರಿಸಿದ ರಾಜ್ಯಸಭೆಗೆ ಸಭಾಪತಿ ಜತ್ತಿ.